ಮೂರನೇ ಅಧ್ಯಾಯದ ಸೀಟಿ

ಟಿಕೆಟ್ ಹರುಕ್ ಬಪ್ಪುದ್ ಬೇರೆ, ಕಥೆ ಓದುಕ್ ಬಪ್ಪುದ್ ಬೇರೆ ಮಾರಾಯ, ಒಂಬತ್ತನೇ ಕ್ಲಾಸ್ ಬಿಟ್ಟವ ನಮ್ಗ್ ಇಂಗ್ಲಿಷ್ ಕಥೆ ಹೇಳ್ಕೊಡುಕ್ ಬಂದದ್ದಾ — ಅಂದ, ಉಲ್ಲಾಸ್ ಅಂದ, ಅಷ್ಟೂ ಜನರ ಎದುರು ಅಂದ, ನಕ್ಕರು, ಎಲ್ಲರೂ ನಕ್ಕರು, ಇಲ್ಲ, ಅಕ್ಷಿತಾ ನಗಲಿಲ್ಲ, ಕುರ್ಚಿಯ ಕೈ ಮೇಲಿನ ಗೀಚನ್ನು ಉಗುರಿನಿಂದ ಕೆರೆಯುತ್ತ ಕೂತಳು, ಅದು ನಗುವುದಕ್ಕಿಂತ ಕಡೆ — ಮತ್ತು ನಾನು ನಿಂತಿದ್ದೇನೆ, ಕೈಯಲ್ಲಿ ನಾಲ್ಕು ಹಾಳೆ, ಎರಡೂ ಮಗ್ಗುಲು ಬರೆದದ್ದು, ಮೂರನೆಯ ಹಾಳೆಯ ಮೇಲೆ ಹೆಬ್ಬೆರಳ ಬೆವರು, ಶಾಯಿ ಹರಡುತ್ತಿದೆ, ಟಿಕೆಟ್ ಹರಿಯುವುದಂತೆ, ಈಗ ಯಾರು ಮಾರಾಯ ಟಿಕೆಟ್ ಹರಿಯುತ್ತಾರೆ, ಮಿಷನ್ ಇದೆ, ಒತ್ತಿದರೆ ಬರುತ್ತದೆ, ಬಸ್ಸು ಹತ್ತಿ ಗೊತ್ತಿದ್ದರಲ್ಲವೇ ಇವನಿಗೆ, ಕಾರಿನಲ್ಲಿ ಬಂದವನು, ಅಪ್ಪ ಲೀಲಾಧರಣ್ಣನ ಹೋಟೆಲ್ಲು ಮುಂಬಯಿಯಲ್ಲಿ ಎರಡು, ಇಲ್ಲಿ ಒಂದು, ಬಿಳಿ ಶೂ ಹಾಕಿ ಈ ಟ್ಯೂಶನ್ ಸೆಂಟರಿನ ಮಾಳಿಗೆ ಮೆಟ್ಟಿಲು ಹತ್ತಿದವನು. ರೋಹನ್ ನಾಲಿಗೆ ಮಡಚಿ ಸೀಟಿ ಹೊಡೆದ, ರೈಟ್ ರೈಟ್, ಮುಂದ್ ಹೋಪ, ಮತ್ತೆ ನಗು. ಅರ್ಧ ಗಂಟೆಯ ಹಿಂದೆ ಇದೇ ರೋಹನ್ ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಗುರುಗಳೇ, ಕೂಕಣಿ, ನಿಮ್ಮನ್ನ್ ಕಾಂಬುಕೇ ನಾವೆಲ್ಲ ಬಂದದ್ ಅಂದಿದ್ದ. ಗುರುಗಳು! ಈಗ ನೋಡು, ಅದೇ ಬಾಯಲ್ಲಿ, ಶೀನಾ, ನೀ ಸಾಕ್ ಕೂಕೋ ಮಾರಾಯ.

ಅದು ಹೇಗಾಯಿತು ಅಂದರೆ, ತಪ್ಪು ನನ್ನದೇ, ಬಾಯಿ ನನ್ನದೇ, ಬೈಂದೂರಿನಿಂದ ಬ್ರಹ್ಮಾವರದವರೆಗಿನ ಅನಿಮೆ ಹುಚ್ಚರ, ಜಪಾನಿ ಕಾರ್ಟೂನ್ ಹುಚ್ಚರ, ಟೆಲಿಗ್ರಾಂ ಗುಂಪು, ಮೂರು ವರ್ಷದಿಂದ ಮುಖ ನೋಡದೆ ಮಾತಾಡಿದವರು, ಒಂದ್ಸಲ ಸೇರ್ವ ಅಂದರು, ಆದಿತ್ಯವಾರ ಮಧ್ಯಾಹ್ನ, ಒಬ್ಬೊಬ್ಬರು ಹತ್ತು ನಿಮಿಷ, ತಮಗೆ ಇಷ್ಟವಾದ ಅಭಿಮಾನಿ ಕಥೆಗಳು ಯಾವುವು, ಯಾವ ವೆಬ್‌ಸೈಟಿನಲ್ಲಿ ಸಿಗುತ್ತವೆ, ಹೇಳುವುದು. ಅನಿಮೆ ನಿಂತಲ್ಲಿಂದ ನೋಡಿದವರೇ ಮುಂದುವರಿಸಿ ಬರೆಯುತ್ತಾರಲ್ಲ, ಆ ಕಥೆಗಳು, ಗುಂಪಿನಲ್ಲಿ ಪ್ರತಿ ಶುಕ್ರವಾರ ಅವುಗಳ ಪಟ್ಟಿ ಹಾಕುವವನು ನಾನು, ಇದು ಮುಗಿದದ್ದು, ಇದು ಅರ್ಧಕ್ಕೆ ಬಿಟ್ಟದ್ದು, ಇದರಲ್ಲಿ ಅಣ್ಣ ಸಾಯುತ್ತಾನೆ, ಮನಸ್ಸು ಗಟ್ಟಿ ಮಾಡಿಕೊಂಡು ಓದಿ, ಇದನ್ನು ಊಟದ ಹೊತ್ತಿಗೆ ಓದಬೇಡಿ. ಹಾಗಾಗಿ ಮೊದಲು ನೀವೇ ಹೇಳಿ ಗುರುಗಳೇ ಅಂದರು. ಹೇಳಿದೆ. ಜಾಹೀರಾತು ಇಲ್ಲದ ಆ ದೊಡ್ಡ ಸೈಟ್ ಒಂದೇ ಸಾಕು, ಇಡೀ ಕಥೆಯನ್ನು ಫೋನಿಗೆ ಇಳಿಸಿಕೊಳ್ಳಬಹುದು, ಮರವಂತೆ ದಾಟಿದ ಮೇಲೆ ನೆಟ್‌ವರ್ಕ್ ಹೋದರೂ ಕಥೆ ಹೋಗುವುದಿಲ್ಲ, ಹಳೆಯ ನೀಲಿ ಬಣ್ಣದ ಸೈಟಿಗೆ ಹೋಗುವುದಾದರೆ ಎರಡು ಸಾವಿರದ ಹತ್ತರ ಹಿಂದಿನದು ಹುಡುಕಿ, ಒಳ್ಳೆಯದು ಅಲ್ಲಿದೆ, ಆದರೆ ಪದವನ್ನು ಒತ್ತಿ ಹಿಡಿದರೆ ಅರ್ಥ ನೋಡಲು ಬಿಡುವುದಿಲ್ಲ, ಕಾಪಿ ಆಗುವುದಿಲ್ಲ, ನಿಘಂಟಿಗೆ ಕೈಯಲ್ಲೇ ಟೈಪು ಮಾಡಬೇಕು, ಇನ್ನು ಆ ಕಿತ್ತಳೆ ಬಣ್ಣದ್ದಕ್ಕೆ ಹೋಗಲೇ ಬೇಡಿ, ಒಂದು ಪುಟ ತಿರುಗಿಸಿದರೆ ಮೂರು ರಮ್ಮಿ ಆಟ ತೆರೆಯುತ್ತದೆ. ನಕ್ಕರು, ಆಗ ಒಳ್ಳೆಯ ನಗು, ಬರೆದುಕೊಂಡರು, ಅಕ್ಷಿತಾ ಬರೆದುಕೊಂಡಳು, ಬರೆಯುತ್ತ ಬರೆಯುತ್ತ ತಲೆಯೆತ್ತಿ, ಹ್ವಾಯ್, ನೀವ್ ನಮ್ ಬಸ್ಸಿನ್ ಕಂಡಕ್ಟರ್ ಅಲ್ದಾ, ಎಂಟೂ ಹತ್ತರದ್ದ್ — ಖುಷಿಯಲ್ಲೇ ಅಂದಳು, ಪಾಪ, ನಂಟರನ್ನು ಕಂಡ ಹಾಗೆ. ಹೌದು ಅಂದೆ. ಏನು ನಾಚಿಕೆ. ಖಾಕಿಯನ್ನು ಮಡಚಿ ಚೀಲದಲ್ಲಿಟ್ಟು ನೀಲಿ ಅಂಗಿ ಹಾಕಿ ಬಂದಿದ್ದೆನಲ್ಲ, ಅದಕ್ಕೇ ನಾಚಿಕೆಯಾಗಿ ಇನ್ನೂ ಹೆಚ್ಚು ಹೇಳಿದೆ, ಒಂಬತ್ತಕ್ಕೆ ಶಾಲೆ ಬಿಟ್ಟದ್ದು ನಾನು, ಅಮ್ಮ ಗೇರುಬೀಜದ ಫ್ಯಾಕ್ಟರಿ, ಇಂಗ್ಲಿಷ್ ಕಲಿತದ್ದು ಈ ಕಥೆಗಳಿಂದಲೇ, ಬೈಂದೂರಿನಲ್ಲಿ ಮಧ್ಯಾಹ್ನದ ಟ್ರಿಪ್ಪಿಗೆ ಮೊದಲು ಮೂವತ್ತೈದು ನಿಮಿಷ ಬಸ್ಸು ನಿಲ್ಲುತ್ತದೆ, ಹಿಂದಿನ ಉದ್ದ ಸೀಟಿನಲ್ಲಿ ಕೂತು, ಮೊದಲ ಕಥೆಗೆ ನಾಲ್ಕು ತಿಂಗಳು ಹಿಡಿಯಿತು, ಒಂದು ಸಾಲಿಗೆ ಆರು ಪದ ಹುಡುಕಿ — ಹೆಮ್ಮೆಯಿಂದ ಹೇಳಿದೆ, ಹೆಮ್ಮೆಯಿಂದ! ಉಲ್ಲಾಸನ ಕೈಗೆ ನಾನೇ ಕಲ್ಲು ಕೊಟ್ಟೆ, ಹೊಡಿ ಅಂತ. ಆದರೆ ಆಗ ಅವನು ಹೊಡೆಯಲಿಲ್ಲ, ಸುಮ್ಮನೆ ಕೇಳುತ್ತಿದ್ದ, ಗಲ್ಲಕ್ಕೆ ಕೈ ಕೊಟ್ಟು. ಹೊಡೆದದ್ದು ಆಮೇಲೆ. ನಾನು ಪಟ್ಟಿಯ ಕೊನೆಗೆ ಬಂದಾಗ, ನನ್ನ ಒಂದನೇ ನಂಬರಿನ ಕಥೆಗೆ ಬಂದಾಗ.

ಅಂಚೆ ದೋಣಿಯ ಅನಿಮೆ ಎಲ್ಲರೂ ನೋಡಿದ್ದೇವೆ, ದ್ವೀಪದಿಂದ ದ್ವೀಪಕ್ಕೆ ಕಾಗದ ಒಯ್ಯುವ ಇಬ್ಬರು ಹುಡುಗರು, ಕೈಸುಕೆ ಮತ್ತು ತೊಮೊ, ಎರಡನೇ ಸೀಸನ್ನಿನ ಕೊನೆಗೆ ತೊಮೊ ದೊಡ್ಡ ಊರಿಗೆ ಹೋಗುತ್ತಾನೆ, ಬರುವುದಿಲ್ಲ, ಅಲ್ಲಿಗೆ ಕಂಪನಿಯವರು ನಿಲ್ಲಿಸಿದರು. ಅದನ್ನು ಮುಂದುವರಿಸಿ ಸೆವೆಂತ್ ವೇವ್ ಅನ್ನುವ ಹೆಸರಿನಲ್ಲಿ ಒಬ್ಬರು ಬರೆಯುತ್ತಾರೆ, ನಲವತ್ತು ಅಧ್ಯಾಯ ಆಗಿದೆ, ಕೈಸುಕೆ ತೊಮೊನನ್ನು ಹುಡುಕಿಕೊಂಡು ಹೋಗುವುದು, ಗೆಳೆತನ ಅಂದುಕೊಂಡದ್ದು ಗೆಳೆತನವಲ್ಲ, ಪ್ರೀತಿ ಅಂತ ಗೊತ್ತಾಗುವುದು, ಗೊತ್ತಾದರೂ ಯಾರ ಹತ್ತಿರ ಹೇಳುವುದು — ಇದನ್ನೆಲ್ಲ ಹೇಳಿದೆ ನಾನು, ಚೆನ್ನಾಗಿ ಹೇಳಿದೆ, ಯಾರೂ ಫೋನು ನೋಡುತ್ತಿರಲಿಲ್ಲ. ಅದರ ಮೇಲೆ ನನ್ನ ಜಾಣತನ ಬೇರೆ. ಮೂರನೇ ಅಧ್ಯಾಯ ಕಾಣಿ, ಕೈಸುಕೆ ಜಪಾನಿನ ಪೇಟೆಯಲ್ಲಿ ಬಸ್ಸು ಹತ್ತುತ್ತಾನೆ, ಫುಟ್‌ಬೋರ್ಡಿನಲ್ಲಿ ನಿಂತ ಕಂಡಕ್ಟರ್ ಎರಡು ಸಲ ಸೀಟಿ ಊದುತ್ತಾನೆ, ಬಸ್ಸು ಹೊರಡುತ್ತದೆ, ಜಪಾನಿನಲ್ಲಿ ಎಲ್ಲಿದೆ ಮಾರಾಯ್ರೆ ಸೀಟಿ ಊದುವ ಕಂಡಕ್ಟರ್, ಒಂದು ಸೀಟಿಗೆ ನಿಲ್ಲುವುದು ಎರಡಕ್ಕೆ ಹೊರಡುವುದು ಅದು ನಮ್ಮ ಲೈನು, ಬರೆದವರು ನಮ್ಮವರೇ, ಬೈಂದೂರು ಕುಂದಾಪುರದ ಈಚೆಯವರೇ, ದಿನಾ ನನ್ನ ಬಸ್ಸಿನಲ್ಲೇ ಬರುತ್ತಿರಬಹುದು, ಈಗ ಈ ರೂಮಿನಲ್ಲೇ ಕೂತಿರಬಹುದು. ಹೀಗಂದು ನಕ್ಕು ಎಲ್ಲರ ಮುಖ ನೋಡಿದೆ. ಆಗ ಅವನು ಎದ್ದದ್ದು. ಟಿಕೆಟ್ ಹರುಕ್ ಬಪ್ಪುದ್ ಬೇರೆ. ಸಾಹಿತ್ಯ ಗೊತ್ತಿಲ್ಲದವ್ರೆಲ್ಲ ಸೀಟಿ ಲೆಕ್ಕ ಹಾಕುಕ್ ಹೊರಟ್ರೆ ಹೀಂಗೇ, ಅಂಥ ಕಥೆ ಯಾರ್ ಓದ್ತ್ರ್ ಮಾರಾಯ, ಎರಡ್ ಗಂಡ್ ಹುಡ್ಗ್ರದ್, ಥೂ, ನಿಂಗ್ ಬೇರೆ ಸಿಕ್ಕ್‌ಲಿಲ್ಯಾ ಒಂದನೇ ನಂಬ್ರಕ್ಕೆ — ಥೂ ಅಂದ. ನನಗೆ ಅಂದದ್ದು ನುಂಗಬಹುದು, ಒಂಬತ್ತು ವರ್ಷದಿಂದ ನುಂಗುತ್ತಿದ್ದೇನೆ, ಚಿಲ್ಲರೆ ಇಲ್ಲ ಅಂದದ್ದಕ್ಕೆ ಅಮ್ಮನನ್ನು ಬೈದವರನ್ನು ನುಂಗಿದ್ದೇನೆ, ಆದರೆ ಆ ಕಥೆಗೆ ಥೂ ಅಂದನಲ್ಲ, ಕೈಸುಕೆಗೆ, ಆಗಲೇ ಕಿವಿ ಬಿಸಿಯಾದದ್ದು, ಕಪಾಳಕ್ಕೆ ಒಂದು ಕೊಡುವ ಅಂತ ಬಲಗೈ ಏಳುತ್ತಿತ್ತು, ಹಾಳೆ ಇದ್ದ ಕೈ.

ಎದ್ದ ಕೈ ಅಲ್ಲೇ ನಿಂತದ್ದು ಟಿವಿಯಿಂದ. ಕಾಣಿ, ಪಟ್ಟಿ ಹ್ಯಾಂಗ್ ಮಾಡ್ಕ್ ಅಂದ್ ನಾ ತೋರ್ಸ್ತೆ ಅಂತ ಅವನು ಲ್ಯಾಪ್‌ಟಾಪಿನ ವಯರನ್ನು ಗೋಡೆಯ ಟಿವಿಗೆ ಚುಚ್ಚಿದ, ಮಕ್ಕಳಿಗೆ ಲೆಕ್ಕದ ಪಾಠ ತೋರಿಸುವ ದೊಡ್ಡ ಟಿವಿ, ಪಟ್ಟಿ ಬರಲಿಲ್ಲ, ಅವನು ಬೆಳಿಗ್ಗೆ ಮುಚ್ಚಲು ಮರೆತ ಬೇರೊಂದು ಪುಟ ಬಂತು, ಬಿಳಿ ಪುಟ, ಮೇಲೆ ನಲವತ್ತೊಂದು ಅಂತ ಅಂಕಿ, ಕೆಳಗೆ ಒಂದೇ ಸಾಲು ಇಂಗ್ಲಿಷ್. ಅಂಗೈ ಅಗಲಿಸಿ ಟಿವಿಗೆ ಒತ್ತಿದ. ಅಷ್ಟು ದೊಡ್ಡ ಟಿವಿಗೆ ಅಷ್ಟೇ ಅಷ್ಟು ಅಂಗೈ. ಬೆರಳುಗಳ ನಡುವೆ ಅಕ್ಷರ ಕಾಣುತ್ತಿತ್ತು. ಉಳಿದವರಿಗೆ ಏನೋ ಕಾಲೇಜಿನ ಬರಹ ಅಂತ ಕಂಡಿರಬೇಕು, ರೋಹನ್ ಇನ್ನೂ ಸೀಟಿಯ ಗುಂಗಿನಲ್ಲೇ ಇದ್ದ. ನಾನು ಓದಿದೆ. ಓದಬೇಕಾಗಿಯೂ ಇರಲಿಲ್ಲ, ಗೊತ್ತಿತ್ತು ಆ ಸಾಲು, ಕೈಸುಕೆ ಕೊನೆಯ ಸ್ಟಾಪಿನಲ್ಲೂ ಇಳಿಯಲಿಲ್ಲ, ಇಳಿದರೆ ಹುಡುಕುವುದು ಮುಗಿಯುತ್ತದೆ ಅಂತ ಅವನಿಗೆ ಹೆದರಿಕೆ — ಮೊನ್ನೆ ಗುರುವಾರ ಸೆವೆಂತ್ ವೇವ್ ನನಗೊಬ್ಬನಿಗೇ ಕಳಿಸಿದ ಸಾಲು, ಕೊನೆಯ ಅಧ್ಯಾಯ ಹೀಗೆ ಸುರು ಮಾಡಿದರೆ ಸರಿಯಾ, ನೀವು ಹೇಳದೆ ಮುಂದೆ ಬರೆಯುವುದಿಲ್ಲ ಅಂತ. ನಾನಿನ್ನೂ ಉತ್ತರ ಕೊಟ್ಟಿಲ್ಲ. ಸರಿಯಾದ ಪದ ಹುಡುಕುತ್ತಿದ್ದೆ, ಮೂರು ದಿನದಿಂದ, ಸಾಲಿಗ್ರಾಮದಲ್ಲಿ ಜನ ಹತ್ತಿಸುತ್ತ, ಕೋಟದಲ್ಲಿ ಇಳಿಸುತ್ತ.

ಆ ಸೈಟಿನಲ್ಲಿ ನನ್ನ ಹೆಸರು ಬಂಗುಡೆ, ನಮ್ಮ ಕಡಲಿನ ಮೀನು. ಯಾರಿಗೂ ಗೊತ್ತಿಲ್ಲ, ಗುಂಪಿನಲ್ಲಿಯೂ ಇಲ್ಲ. ಮೊದಲ ಅಧ್ಯಾಯದ ಕೆಳಗೆ, ಓದಿದವರು ಬರೆಯುವ ಜಾಗದಲ್ಲಿ, ಎರಡೇ ಪದ ಬರೆದಿದ್ದೆ, ಕಥೆ ಒಳ್ಳೆದು ಅಂತ, ಕಾಗುಣಿತ ತಪ್ಪು, ಮೂರನೆಯದಕ್ಕೆ ಆ ಸೀಟಿಯ ವಿಷಯ ಬರೆದೆ, ಜಪಾನಿನಲ್ಲಿ ಸೀಟಿ ಇಲ್ಲ, ಆದರೆ ತೆಗೆಯಬೇಡಿ, ಅದು ಕೇಳಿಸುತ್ತದೆ ಅಂತ. ತೆಗೆಯಲಿಲ್ಲ. ನಲವತ್ತಕ್ಕೂ ಬರೆದೆ, ಹೋಗ್ತಾ ಹೋಗ್ತಾ ಒಂದೊಂದು ಪುಟ, ಪ್ರತಿಯೊಂದಕ್ಕೂ ಉತ್ತರ ಬಂತು. ನೀವು ಓದದಿದ್ದರೆ ಹನ್ನೆರಡಕ್ಕೇ ನಿಲ್ಲಿಸುತ್ತಿದ್ದೆ, ಅಂತ ಒಂದು ಸಲ. ಮನೆಯಲ್ಲಿ ಗೊತ್ತಾದರೆ ನನ್ನ ಕಥೆಯೇ ಮುಗಿಯಿತು, ತಂದೆ ಅಂಥವರು, ಅಂತ ಇನ್ನೊಂದು ಸಲ. ಯಾರು, ಎಲ್ಲಿ ಅಂತ ನಾನು ಕೇಳಲಿಲ್ಲ, ಕೇಳಬಾರದು, ಬರೆದವರ ಅಸಲು ಹೆಸರು ಎತ್ತಬಾರದು, ಈ ಲೋಕದಲ್ಲಿ ಇರುವುದು ಅದೊಂದೇ ನಿಯಮ, ಆದರೂ ಯಾರೋ ಒಬ್ಬಳನ್ನು, ಒಬ್ಬನನ್ನು, ಕೊಡೆ ಹಿಡಿದು ಸ್ಟಾಪಿನಲ್ಲಿ ನಿಂತ ಎಷ್ಟು ಮುಖಗಳನ್ನು ನೋಡಿ ಇವರಿರಬಹುದಾ ಅಂದುಕೊಂಡಿದ್ದೇನೆ, ಅಂಥವರ ಹತ್ತಿರ ಹತ್ತು ರೂಪಾಯಿ ಚಿಲ್ಲರೆಗೆ ಜಗಳ ಮಾಡಿಲ್ಲ. ಆ ಮುಖ ಇದಾ. ಈ ಬಿಳಿ ಶೂ. ಹೋಗಲಿ, ಅದನ್ನೂ ಬಿಡು — ಅವನಿಗೆ ಗೊತ್ತಿತ್ತು! ಈಗ ಹೊಳೆಯುತ್ತಿದೆ, ಸೀಟಿಯ ವಿಷಯ ಎತ್ತಿದ ಕೂಡಲೇ ಅವನಿಗೆ ಗೊತ್ತಾಗಿರಬೇಕು ಬಂಗುಡೆ ಅಂದರೆ ನಾನೇ ಅಂತ, ಆ ಸೀಟಿಯನ್ನು ಹಿಡಿದವರು ಇಡೀ ಲೋಕದಲ್ಲಿ ಒಬ್ಬರೇ, ಗೊತ್ತಾಗಿ ಎದ್ದ, ಗೊತ್ತಾಗಿ ಅಂದ, ನಲವತ್ತು ಅಧ್ಯಾಯಕ್ಕೂ ಬರೆದು ಕಳಿಸಿದ ನನಗೆ ಓದಲು ಬರುವುದಿಲ್ಲ ಅಂದ, ತಾನು ಬರೆದದ್ದಕ್ಕೆ ತಾನೇ ಥೂ ಅಂದ, ನಾನು ಇನ್ನೊಂದು ಮಾತಾಡಿದರೆ ಎಲ್ಲರೂ ಅವನ ಕಡೆ ತಿರುಗುತ್ತಾರೆ ಅಂತ ಹೆದರಿ. ಹೆದರಿದ್ದು ಸರಿ. ಹೆದರಿದವನು ಸುಮ್ಮನೆ ಕೂರಬಹುದಿತ್ತಲ್ಲ, ನೀರು ಕುಡಿಯಲು ಎದ್ದು ಹೋಗಬಹುದಿತ್ತಲ್ಲ, ನನ್ನನ್ನೇ ಯಾಕೆ ಮೆಟ್ಟಿ ಹತ್ತಬೇಕಿತ್ತು.

ಹೇಳಿಬಿಡಲಾ. ಒಂದೇ ಮಾತು. ಫೋನು ಜೇಬಿನಲ್ಲಿದೆ, ಗುರುವಾರದ ಸಂದೇಶ ಅದರಲ್ಲಿದೆ, ತೆಗೆದು ಅಕ್ಷಿತಾಳ ಕೈಗೆ ಕೊಟ್ಟರೆ ಸಾಕು, ಟಿವಿಯ ಮೇಲಿನದು ಇದು, ಎರಡೂ ಕೂಡಿಸಿ ಓದು ತಂಗಿ, ಅಂತ. ಇದೇ ಹಲ್ಲುಗಳು ಅವನ ಕಡೆ ತಿರುಗುತ್ತವೆ, ರೋಹನ್ ಅವನಿಗೆ ಹೊಸ ಹೆಸರು ಇಡುತ್ತಾನೆ, ಸಂಜೆಯೊಳಗೆ ಗುಂಪಿನಲ್ಲಿ, ರಾತ್ರಿಯೊಳಗೆ ಲೀಲಾಧರಣ್ಣನ ಫೋನಿನಲ್ಲಿ, ಆಮೇಲೆ ಈ ಬಿಳಿ ಶೂ ಎಲ್ಲಿರುತ್ತದೆ, ಮುಂಬಯಿಯಲ್ಲಾ, ಯಾವುದಾದರೂ ಮದುವೆ ಚಪ್ಪರದಲ್ಲಾ. ನನಗೆ ಏನು. ಏನೂ ಇಲ್ಲ. ಬೇಕಾದದ್ದೇ ಆಗಲಿ. ಬಾಯಿಯಲ್ಲಿ ಆ ಹೆಸರು ಬಂದು ಕೂತಿದೆ, ಸೆವೆಂತ್ ವೇವ್, ಬಿಸಿ ಗೋಳಿಬಜೆ ಬಾಯಿಗೆ ಹಾಕಿಕೊಂಡ ಹಾಗೆ, ಉಗಿಯಲೂ ಆಗದು ನುಂಗಲೂ ಆಗದು, ಮತ್ತು ಅವನು ಟಿವಿಯ ವಯರು ಕಿತ್ತಿದ್ದಾನೆ, ಪುಟ ಹೋಗಿದೆ, ಟಿವಿ ಕಪ್ಪು, ಆದರೂ ಅಂಗೈ ಅಲ್ಲೇ ಇದೆ, ತೆಗೆಯಲು ಮರೆತಿದ್ದಾನೆ. ಬೆರಳುಗಳು ಅಗಲ. ಉಗುರು ಬಿಳಿಚಿದೆ.

ಎಂತ ಶೀನಾ, ಬಾಯ್ ಕಟ್ಟಿತಾ, ರೋಹನ್. ಬಿಡ್ರಾ ಪಾಪ, ಅಕ್ಷಿತಾ, ಪಾಪವಂತೆ. ಉಲ್ಲಾಸ್ ಮಾತ್ರ ನನ್ನನ್ನೇ ನೋಡುತ್ತಿದ್ದಾನೆ, ನಾನು ಓದಿದ್ದು ಅವನಿಗೆ ಗೊತ್ತು, ಗೊತ್ತು ಅಂತ ನನಗೆ ಗೊತ್ತು, ಈ ರೂಮಿನಲ್ಲಿ ಹನ್ನೆರಡು ಜನ ಇದ್ದೇವೆ ಮತ್ತು ಇಬ್ಬರೇ ಇದ್ದೇವೆ. ಎಂತಾರೂ ಹೇಳುಕಿತ್ತಾ, ಅಂದ. ಉಳಿದವರಿಗೆ ಅದು ಇನ್ನೊಂದು ಕುಟುಕು, ಹೋ ಅಂದರು. ಸ್ವರ ಒಡೆದದ್ದು ಯಾರಿಗೂ ಕೇಳಿಸಲಿಲ್ಲ. ಹೇಳುಕಿತ್ತಾ — ಗುರುವಾರ ಕೇಳಿದವನೇ ಮತ್ತೆ ಕೇಳುತ್ತಿದ್ದಾನೆ, ಇದು ಸರಿಯಾ, ನೀವು ಹೇಳದೆ ಮುಂದೆ ಬರೆಯುವುದಿಲ್ಲ. ಬರೆಯಬೇಡ. ನಿಲ್ಲಿಸು. ಕೈಸುಕೆ ಬಸ್ಸಿನಲ್ಲೇ ಕೂತಿರಲಿ ಸಾಯುವ ತನಕ. ಇಲ್ಲ, ಅದಕ್ಕೂ ಉತ್ತರ ಕೊಡುವುದಿಲ್ಲ, ಬರೆ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ, ಇವನಿಗೆ ನನ್ನಿಂದ ಒಂದು ಅಕ್ಷರ ಸಿಗಬಾರದು, ಬೈಗುಳವೂ ಅಕ್ಷರವೇ. ಹಾಳೆಗಳನ್ನು ಮಡಚುತ್ತೇನೆ, ಒಂದು ಸಲ, ಎರಡು ಸಲ, ಖಾಕಿಯ ಪಕ್ಕ ಚೀಲದೊಳಗೆ, ಜಿಪ್ಪು ಅರ್ಧಕ್ಕೆ ಸಿಕ್ಕಿಬೀಳುತ್ತದೆ, ಇರಲಿ, ಕುರ್ಚಿಗಳ ನಡುವೆ ದಾರಿ ಬಿಡುತ್ತಾರೆ, ಮೊಣಕಾಲು ಹಿಂದೆಳೆದುಕೊಳ್ಳುತ್ತಾರೆ, ಬಾಗಿಲು, ಚಪ್ಪಲಿ, ಎಡದ್ದು ಯಾರದೋ ಶೂ ಕೆಳಗೆ. ಮೆಟ್ಟಿಲು. ಹಿಂದಿನಿಂದ ಶೀನಣ್ಣ ಅಂತ ಕೇಳಿಸಿತು, ಅಣ್ಣ ಅಂದದ್ದು, ಅವನೇ, ಶೀನಣ್ಣ ಒಂದ್ ನಿಮಿಷ, ನಾನು ತಿರುಗುವುದಿಲ್ಲ, ಹೈವೇಯ ಬಿಸಿ ಮುಖಕ್ಕೆ ಹೊಡೆಯುತ್ತದೆ, ಲಾರಿ, ಧೂಳು, ಕುಂದಾಪುರದ ಬಸ್ಸೊಂದು ಹೋಯಿತು, ಹತ್ತಲಿಲ್ಲ, ನಡೆಯುತ್ತೇನೆ, ನಡೆಯುತ್ತಿದ್ದೇನೆ, ಕಣ್ಣೆದುರು ರಸ್ತೆ ಇದೆ, ರಸ್ತೆಯ ಮೇಲೆ ಆ ಅಂಗೈ, ದೊಡ್ಡ ಕಪ್ಪು ಟಿವಿ, ಅದರ ಮೇಲೆ ಅಂಗೈ, ಮುಚ್ಚಲು ಏನೂ ಉಳಿಯದಿದ್ದರೂ ಒತ್ತಿ ಹಿಡಿದ ಅಂಗೈ, ಐದು ಬೆರಳು ಅಗಲಿಸಿದ್ದು —