ಬ್ಯಾಟರಿರಾಯರ ಆಪತ್ಕಾಲ

ಒಂದು ಊರು. ಹೆಸರು ಯಾವುದಾದರೇನು, ಪದೇಪದೇ ಕರೆಂಟು ಹೋಗುವ ಊರು ಅಂದರೆ ಸಾಕು. ಆ ಊರಿನ ಒಂದು ಮನೆಯ ತಾರಸಿಯ ಮೇಲೆ ಸೋಲಾರ್ ಫಲಕಗಳು ಸಾಲಾಗಿ ಮಲಗಿದ್ದವು. ಹಗಲೆಲ್ಲ ಬಿಸಿಲು ಕುಡಿದು, ಮನೆಗೆ ಬೇಕಾದಷ್ಟು ಕರೆಂಟು ಕೊಟ್ಟು, ಮಿಕ್ಕಿದ್ದನ್ನು ಬೀದಿಯ ತಂತಿಗೆ ದಾಟಿಸುತ್ತಿದ್ದವು. ಮೆಟ್ಟಿಲ ಕೆಳಗೆ ಇನ್ವರ್ಟರ್ ಎಂಬ ಗುಮಾಸ್ತ ಕುಳಿತು ಈ ವ್ಯವಹಾರ ನೋಡಿಕೊಳ್ಳುತ್ತಿದ್ದ. ಇಂಥ ಮನೆಯವರಿಗೆ ಇನ್ನೇನು ಚಿಂತೆ ಎಂದು ಅಕ್ಕಪಕ್ಕದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಒಳಗಿನ ಸಂಗತಿ ಅವರಿಗೇನು ಗೊತ್ತು?

ಸಂಗತಿ ಏನೆಂದರೆ, ಬೀದಿಯ ತಂತಿಯಲ್ಲಿ ಕರೆಂಟು ಹೋದ ಕ್ಷಣವೇ ಗುಮಾಸ್ತನೂ ಕೈಕಟ್ಟಿ ಕೂತುಬಿಡುತ್ತಿದ್ದ. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ ಮನೆಯೊಳಗೆ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಇದರಿಂದ ಎಲ್ಲರಿಗಿಂತ ಹೆಚ್ಚು ಸಂಕಟಪಡುತ್ತಿದ್ದವಳು ಅಡುಗೆಮನೆಯ ಮೂಲೆಯ ಫ್ರಿಜ್ಜಮ್ಮ. ಅವಳ ಬಾಗಿಲ ತಟ್ಟೆಯಲ್ಲಿ ಆ ಮನೆಯ ಅಜ್ಜಿಯ ಸಕ್ಕರೆ ಕಾಯಿಲೆಯ ಮದ್ದಿನ ಪುಟ್ಟ ಸೀಸೆಗಳಿದ್ದವು. ತಂಪು ತಪ್ಪಿದರೆ ಅವು ಕೆಡುತ್ತವೆ. ಹಾಲು ಒಡೆದರೆ ಫ್ರಿಜ್ಜಮ್ಮ ತಲೆ ಕೆಡಿಸಿಕೊಳ್ಳುವವಳಲ್ಲ, ಸೊಪ್ಪು ಬಾಡಿದರೂ ಅಷ್ಟೇ. ಆ ಸೀಸೆಗಳ ವಿಷಯ ಬಂದರೆ ಮಾತ್ರ ಅವಳ ಜೀವ ಅಂಗೈಯಲ್ಲಿರುತ್ತಿತ್ತು.

ಒಂದು ಮಧ್ಯಾಹ್ನ ಬೆವರು ಸುರಿಸುತ್ತ ನಿಂತಿದ್ದ ಅವಳು ಗುಮಾಸ್ತನನ್ನು ತರಾಟೆಗೆ ತೆಗೆದುಕೊಂಡಳು. ಗುಮಾಸ್ತ ಬೇಸರ ಮಾಡಿಕೊಳ್ಳಲಿಲ್ಲ.

"ಲೈನು ಸತ್ತಿದೆ ಅಂತ ನಂಬಿ ಲೈನ್‌ಮನ್ನು ಕಂಬ ಹತ್ತಿರ್ತಾನೆ ಕಣಮ್ಮ. ನಾನು ಇಲ್ಲಿಂದ ಕರೆಂಟು ಬಿಟ್ರೆ ಅವನ ಗತಿ ಏನಾಗ್ಬೇಕು?"

ಅಜ್ಜಿಯ ಮದ್ದಿಗೋಸ್ಕರ ಇನ್ನೊಬ್ಬರ ಮನೆಯ ಮಗನನ್ನು ಕೊಲ್ಲುವುದು ಫ್ರಿಜ್ಜಮ್ಮನಿಗೆ ಬೇಕಿರಲಿಲ್ಲ. ಬೇರೆ ದಾರಿ ಇದೆಯೇ ಎಂದು ಕೇಳಿದಳು. ಬ್ಯಾಟರಿ ಅಂತ ಒಬ್ಬರಿದ್ದಾರೆ, ಅವರ ಜೊತೆ ಒಂದು ಸ್ವಿಚ್ಚಿನ ಪೆಟ್ಟಿಗೆಯೂ ಬರುತ್ತದೆ, ಬೀದಿಯ ಲೈನು ಸತ್ತ ಕೂಡಲೇ ಅದು ಹೊರಗಿನ ದಾರಿ ಮುಚ್ಚಿಬಿಡುತ್ತದೆ, ಆಮೇಲೆ ನಮ್ಮ ಕರೆಂಟು ನಮ್ಮ ಮನೆಯೊಳಗೇ ಓಡಾಡಿಕೊಂಡಿರಬಹುದು ಎಂದು ಗುಮಾಸ್ತ ವಿವರಿಸಿದ.

ಫ್ರಿಜ್ಜಮ್ಮ ಚಳವಳಿ ಶುರು ಮಾಡಿದಳು. ಒಬ್ಬಳೇ ಹೋರಾಡಿದರೆ ಯಾರು ಕೇಳುತ್ತಾರೆ? ಮಿಕ್ಸಿ, ಟಿವಿ, ಗೀಸರಣ್ಣ, ಮಹಡಿಯ ಕೋಣೆಯ ಏಸಿ ಎಲ್ಲರನ್ನೂ ಸೇರಿಸಿಕೊಂಡಳು. ಬ್ಯಾಟರಿ ಬಂದರೆ ನಿಮಗೂ ಪಾಲು ಉಂಟು ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಮಾತು ಕೊಟ್ಟಳು. ಚಳವಳಿ ಅಂದಮೇಲೆ ಇದೆಲ್ಲ ಇದ್ದದ್ದೇ. ಕೊನೆಗೆ ಮನೆಯ ಯಜಮಾನಿಯ ನಾದಿನಿಯ ಕಡೆಯವರು ಊಟಕ್ಕೆ ಬಂದ ದಿನ ಕರೆಂಟು ಹೋಗಿ ಬಂದಾಗ, ಆಮೇಲೂ ಸ್ವಲ್ಪ ಹೊತ್ತು ಬೇಕೆಂದೇ ಸುಮ್ಮನಿದ್ದು ಐಸ್‌ಕ್ರೀಮನ್ನು ಪಾಯಸ ಮಾಡಿಟ್ಟಳು. ಯಜಮಾನಿಗೆ ಮುಖ ಎತ್ತಲಾಗಲಿಲ್ಲ. ವಾರ ಕಳೆಯುವುದರೊಳಗೆ ಬ್ಯಾಟರಿ ಬಂತು.

ಬಿಳಿ ಮೈ, ದುಂಡು ಅಂಚು, ಎದೆಯ ಮೇಲೆ ಒಂದು ಹಸಿರು ದೀಪ. ಸದ್ದಿಲ್ಲ, ಗದ್ದಲವಿಲ್ಲ. ಗೋಡೆಗೆ ಒರಗಿ ನಿಂತ ಆ ಗಾಂಭೀರ್ಯ ನೋಡಿ ಎಲ್ಲರೂ ತಮಗೆ ಗೊತ್ತಿಲ್ಲದ ಹಾಗೆಯೇ ಬ್ಯಾಟರಿರಾಯರು ಎಂದು ಕರೆಯತೊಡಗಿದರು. ಯಾವ ಯಾವ ಸಾಮಾನಿಗೆ ಸಂಪರ್ಕ ಕೊಡಲಿ ಎಂದು ಮೆಕ್ಯಾನಿಕ್ ಕೇಳಿದಾಗ ಯಜಮಾನಿ, ಒಂದನ್ನು ಬಿಟ್ಟು ಒಂದಕ್ಕೆ ಯಾಕೆ, ಎಲ್ಲಕ್ಕೂ ಕೊಟ್ಟುಬಿಡಿ ಅಂದಳು. ಮೆಕ್ಯಾನಿಕ್ ತಲೆ ಕೆರೆದುಕೊಂಡ, ಆದರೂ ಕೊಟ್ಟ.

ಮೊದಲ ಸಲ ಕರೆಂಟು ಹೋದದ್ದು ಒಂದು ಸಂಜೆ. ಸ್ವಿಚ್ಚಿನ ಪೆಟ್ಟಿಗೆ ಟಕ್ ಎಂದು ಹೊರಗಿನ ದಾರಿ ಮುಚ್ಚಿತು, ದೀಪಗಳು ಕಣ್ಣು ಮಿಟುಕಿಸಲೂ ಇಲ್ಲ. ಆಹಾ ಎಂದುಕೊಂಡ ಏಸಿ ಉಸಿರೆಳೆಯಿತು. ಗೀಸರಣ್ಣ ಯಾರೂ ಕೇಳದಿದ್ದರೂ ನೀರು ಕಾಯಿಸತೊಡಗಿದ. ತಾನೇನು ಕಮ್ಮಿ ಎಂದು ಇಸ್ತ್ರಿಪೆಟ್ಟಿಗೆಯೂ ಬಿಸಿಯಾಯಿತು. ಟಿವಿಯಲ್ಲಿ ಧಾರಾವಾಹಿಯ ಅತ್ತೆ ಬಾಯಿ ತೆರೆದಿದ್ದಳಷ್ಟೆ, ಮಾತು ಹೊರಬರುವ ಮೊದಲೇ ಮನೆ ಕತ್ತಲಲ್ಲಿ ಗವ್ವೆಂದಿತು. ರಾಯರ ಹಸಿರು ದೀಪ ಕೆಂಪಾಗಿತ್ತು.

ಮರುದಿನ ಸಭೆ ಸೇರಿತು. ನೀನು ನುಂಗಿದೆ, ನೀನು ಮುಕ್ಕಿದೆ ಎಂದು ಬೈದಾಡಿಕೊಂಡದ್ದನ್ನು ಇಲ್ಲಿ ಹೇಳುವುದು ಬೇಡ. ಫ್ರಿಜ್ಜಮ್ಮನಿಗೆ ಸೀಸೆಗಳದೇ ಧ್ಯಾನ. ಈ ಹೊಟ್ಟೆಬಾಕರ ನಡುವೆ ಅಜ್ಜಿಯ ಮದ್ದಿಗೆ ಒಂದು ತೊಟ್ಟೂ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಅದಕ್ಕೇ ಎದ್ದು ನಿಂತು ಒಂದು ಕಾನೂನು ಸೂಚಿಸಿದಳು. ರಾಯರೊಳಗಿನ ಕರೆಂಟು ಆಪತ್ಕಾಲಕ್ಕೆ ಮಾತ್ರ, ಮೋಜಿಗಲ್ಲ. ಎಲ್ಲರೂ ಒಪ್ಪಿದರು, ಏಸಿ ಕೂಡ ಗೊಣಗುತ್ತ ಒಪ್ಪಿತು.

ಆಪತ್ಕಾಲ ಬಂದಿದೆ ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ ಮಾತ್ರ ಗಾಡಿ ನಿಂತಿತು. ಫ್ರಿಜ್ಜಮ್ಮನ ಕೈಗೆ ಕೊಟ್ಟರೆ ಗೀಸರಣ್ಣನಿಗೆ ಅನುಮಾನ, ಅವನಿಗೆ ಕೊಟ್ಟರೆ ಟಿವಿಗೆ ಅನುಮಾನ. ಆಗ ಮಿಕ್ಸಿ, ರಾಯರೇ ಹೇಳಲಿ, ಅವರು ತಮಗಾಗಿ ಏನನ್ನೂ ಖರ್ಚು ಮಾಡುವವರಲ್ಲವಲ್ಲ, ಅವರಿಗೇನು ಸ್ವಾರ್ಥ ಎಂದಿತು. ಇದಕ್ಕಿಂತ ನ್ಯಾಯ ಉಂಟೇ? ಫ್ರಿಜ್ಜಮ್ಮನೇ ಮೊದಲು ಚಪ್ಪಾಳೆ ತಟ್ಟಿದಳು.

ರಾಯರು ವಿನಯದಿಂದ ಭಾರ ಹೊತ್ತರು. ಅಂದಿನಿಂದ ತಾರಸಿಯ ಬಿಸಿಲೆಲ್ಲ ಮೊದಲು ಅವರ ಹೊಟ್ಟೆಗೆ, ಆಮೇಲೆ ಮಿಕ್ಕವರಿಗೆ. ಬಲುಬೇಗ ತುಂಬಿಕೊಂಡರು. ಮುಂದಿನ ಸಲ ಕರೆಂಟು ಹೋದಾಗ ಫ್ರಿಜ್ಜಮ್ಮ ಕೇಳಿದಳು, ಇದು ಬರೀ ಮಧ್ಯಾಹ್ನದ ಪವರ್ ಕಟ್ಟು ಎಂದರು ರಾಯರು. ಅದರ ಮುಂದಿನ ಸಲ ಕೇಳಿದಳು, ಮೋಡ ಕವಿದಿದೆ, ಸೆಕೆ ಇಲ್ಲವಲ್ಲ ಎಂದರು. ಕೇಳುವುದಕ್ಕೆ ಸಂಕೋಚಪಡುವ ಹಾಗೆ, ಆದರೆ ಬೇಸರವಾಗದ ಹಾಗೆ ಇಲ್ಲ ಅನ್ನುವ ಕಲೆ ಅವರಿಗೆ ಚೆನ್ನಾಗಿ ಕರಗತವಾಗಿತ್ತು. ಕತ್ತಲಲ್ಲಿ ಕೂತ ಉಳಿದವರು ಆ ಹಸಿರು ದೀಪ ನೋಡಿ, ನಮ್ಮ ಹತ್ತಿರ ಎಷ್ಟೊಂದು ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಸಾಮಾನುಗಳಿಗೆ ಈ ಸುಖ ಎಲ್ಲಿಂದ ಬರಬೇಕು?

ಬೇಸಿಗೆಯ ನಡುವೆ ಗಾಳಿಮಳೆ ಬಂತು. ಬೀದಿಯ ತುದಿಯ ಕಂಬ ಬುಡಸಮೇತ ಉರುಳಿತು. ಮಾರನೆಯ ದಿನ ಮಳೆ ಹೋಗಿ ಸುಡುಬಿಸಿಲು ಬಿತ್ತು, ಕರೆಂಟು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ರಾಯರು ತುಂಬಿದ್ದರು, ಯಾರಿಗೂ ಬಿಡುತ್ತಿರಲಿಲ್ಲ. ಬೀದಿಯ ದಾರಿ ಮುಚ್ಚಿ, ಮನೆಯೊಳಗಿನ ದಾರಿಯೂ ರಾಯರ ಕೈಯಲ್ಲೇ ಇದ್ದುದರಿಂದ ಫಲಕಗಳೂ ಬಿಸಿಲು ಕಾಯುತ್ತ ಸುಮ್ಮನೆ ಬಿದ್ದುಕೊಂಡಿದ್ದವು. ಫ್ರಿಜ್ಜಮ್ಮನ ಒಳಗಿನ ಹಿಮ ಕರಗಿ ನೆಲದ ಮೇಲೆ ಹರಿಯಿತು. ಅವಳು ನಾಚಿಕೆ ಬಿಟ್ಟು ಅಂಗಲಾಚಿದಳು.

"ರಾಯರೇ, ಅಜ್ಜಿ ಮದ್ದು ಬೆಚ್ಚಗಾಗ್ತಿದೆ. ಏಸಿಗೆ ಬೇಡ, ಗೀಸರ್‌ಗೂ ಬೇಡ. ನಂಗೊಂದಿಷ್ಟು ಬಿಡಿ. ಇದಕ್ಕಿಂತ ಆಪತ್ತು ಇನ್ಯಾವುದು?"

"ಅದೇ ನಂಗೂ ಗೊತ್ತಿಲ್ವಲ್ಲಮ್ಮ," ಎಂದರು ರಾಯರು. "ಇವತ್ತು ಕೊಟ್ಟು, ನಾಳೆ ಇದಕ್ಕಿಂತ ದೊಡ್ಡದು ಬಂದ್ರೆ ಯಾರ ಮುಖ ನೋಡ್ಲಿ? ಕಾನೂನು ಮಾಡ್ದೋರು ನೀವೇ. ನೀವೇ ಹೀಗಂದ್ರೆ ಹೇಗೆ?"

ಫ್ರಿಜ್ಜಮ್ಮ ಬೇರೆಯವರ ಕಡೆ ನೋಡಿದಳು. ಅವಳಿಗೆ ಕೊಟ್ಟರೆ ನಮಗೂ ಕೊಡಬೇಕಾಗುತ್ತದೆ ಎಂದು ಏಸಿ ಹೇಳಿತು. ಉಳಿದವರು ಗೋಡೆ ನೋಡುತ್ತ ಕೂತರು. ಆ ಸಂಜೆ ಅಜ್ಜಿ ಬಾಗಿಲು ತೆರೆದು ಸೀಸೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅದು ಕಾಫಿಲೋಟದ ಹಾಗೆ ಬೆಚ್ಚಗಿತ್ತು. ಎಲ್ಲವನ್ನೂ ಚೀಲಕ್ಕೆ ಹಾಕಿ ಕಸದ ಬುಟ್ಟಿಯ ಹತ್ತಿರ ಇಟ್ಟಳು. ಫ್ರಿಜ್ಜಮ್ಮನಿಗೆ ಅಷ್ಟು ದುಃಖ ಹಿಂದೆಂದೂ ಆಗಿರಲಿಲ್ಲ. ಮರುದಿನದಿಂದ ಅಜ್ಜಿಯ ಹೊಸ ಸೀಸೆಗಳು ಜನರೇಟರ್ ಇದ್ದ ಪೇಟೆಯ ಮೆಡಿಕಲ್ ಅಂಗಡಿಯಲ್ಲೇ ಇರತೊಡಗಿದವು. ಅಜ್ಜಿ ದಿನವೂ ಛತ್ರಿ ಹಿಡಿದು ಅಲ್ಲಿಗೇ ನಡೆದುಹೋಗಿ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದಳು.

ಕಂಬ ಎದ್ದು ನಿಂತು ಕರೆಂಟು ಬಂದ ದಿನ ರಾಯರಿಗೆ ಸನ್ಮಾನ ಏರ್ಪಾಟಾಯಿತು. ಟಿವಿಯೇ ಮುಖ್ಯ ಭಾಷಣಕಾರ. ಊರಿಗೆ ಊರೇ ತತ್ತರಿಸಿದ ಗಂಡಾಂತರವನ್ನು ನಮ್ಮ ಮನೆ ಒಂದು ತೊಟ್ಟೂ ಖರ್ಚಿಲ್ಲದೆ ದಾಟಿಬಿಟ್ಟಿತು ಎಂದು ಅದು ವಾಲ್ಯೂಮು ಏರಿಸಿ ಸಾರಿತು. ರಾಯರು ಉತ್ತರ ಕೊಡುತ್ತ, ತಾವೊಬ್ಬರೇ ಎಷ್ಟು ದಿನ ಈ ಭಾರ ಹೊರುವುದು, ತಮಗೇ ಏನಾದರೂ ಆಪತ್ತು ಬಂದರೆ ಎಂದು ಮೆಲ್ಲಗೆ ಕೇಳಿದರು. ಸಭೆ ಬೆಚ್ಚಿಬಿದ್ದಿತು. ಇನ್ನೊಬ್ಬ ಬ್ಯಾಟರಿಯನ್ನು ಕರೆಸಲೇಬೇಕೆಂದು ಅಲ್ಲಿಯೇ ನಿರ್ಣಯ ಮಂಡನೆಯಾಯಿತು. ಯಜಮಾನಿಯ ತಲೆಯಲ್ಲೂ ಹೇಗೋ ಅದೇ ಯೋಚನೆ ಬಂದಿತ್ತು, ಮೆಕ್ಯಾನಿಕ್ ಬಂದು ಜಾಗ ಅಳೆಯುತ್ತಿದ್ದ.

ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ತಣ್ಣಗಿನ ಮೂಲೆ ಬೇಕು ಎಂದ ಮೆಕ್ಯಾನಿಕ್. ಮನೆಯಲ್ಲಿ ಅಂಥದ್ದು ಒಂದೇ ಇತ್ತು, ಫ್ರಿಜ್ಜಮ್ಮ ನಿಂತಿದ್ದ ಮೂಲೆ. ಯಜಮಾನಿ ಅವಳ ಬಾಗಿಲು ತೆರೆದು ನೋಡಿದಳು. ಎರಡು ಸೌತೆಕಾಯಿ, ಅರ್ಧ ನಿಂಬೆಹಣ್ಣು. ಕಾಪಾಡಲೇಬೇಕಾದದ್ದು ಏನೂ ಉಳಿದಿರಲಿಲ್ಲ.

ಸಭೆಯಲ್ಲಿ ನಿಯಮದ ಪ್ರಕಾರವೇ ಎಲ್ಲ ನಡೆಯಿತು. ಈ ನಿರ್ಣಯಕ್ಕೆ ವಿರೋಧ ಇರುವವರು ದಯವಿಟ್ಟು ಸದ್ದು ಮಾಡಬೇಕು ಎಂದು ರಾಯರು ಕೇಳಿ, ಸಾಕಷ್ಟು ಹೊತ್ತು ಕಾದರು. ಫ್ರಿಜ್ಜಮ್ಮ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಗುಂಯ್‌ಗುಡಲು ನೋಡಿದಳು. ಆದರೆ ಮೆಕ್ಯಾನಿಕ್ ಆಗಲೇ ಅವಳ ಪ್ಲಗ್ಗು ಕಿತ್ತಿದ್ದ. ಸದ್ದೇನೂ ಬಾರದ್ದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.