ಅಂಗೈಯಗಲದ ಡೇಲಿಯಾ

ಪಕ್ಕದ ಮನೆಯ ಗುರುಸಿದ್ದಯ್ಯನವರು ಶಿರಸ್ತೇದಾರರಾದದ್ದೇ ತಡ, ಅವರ ಅಂಗಳಕ್ಕೂ ಬಡ್ತಿ ಬಂತು. ಮೈಸೂರು ರಾಜ್ಯ ದೊಡ್ಡದಾದ ಮಾರನೆಯ ವರ್ಷ ಅದು. ಸರಸ್ವತಿಪುರಂನಲ್ಲಿ ಇನ್ನೂ ಅರ್ಧ ಖಾಲಿ ಸೈಟುಗಳೇ. ಮಳೆ ಬಿದ್ದರೆ ಸಾಕು, ತುಂಬೆ, ಗರಿಕೆ, ಉತ್ತರಾಣಿ ಯಾರನ್ನೂ ಕೇಳದೆ ಎದ್ದು ನಿಲ್ಲುತ್ತಿದ್ದವು. ಗುರುಸಿದ್ದಯ್ಯನವರು ತಮ್ಮ ಅಂಗಳದ್ದನ್ನೆಲ್ಲ ಕೀಳಿಸಿ, ಚೆನ್ನಾಗಿ ಹೂ ಬಿಡುತ್ತಿದ್ದ ನಂದಿಬಟ್ಟಲನ್ನೂ ಕಡಿಸಿ, ಊಟಿಯಿಂದ ಡೇಲಿಯಾ ಗೆಡ್ಡೆ ತರಿಸಿ ಕುಂಡಗಳಲ್ಲಿ ನೆಟ್ಟರು. ದಸರೆಯ ಹೊತ್ತಿಗೆ ಮನೆಮನೆಯ ತೋಟ ನೋಡಿ, ಚೆಂದದ ತೋಟಕ್ಕೆ ಬೆಳ್ಳಿ ಬಟ್ಟಲು ಬಹುಮಾನ ಕೊಡುವ ತೀರ್ಪುಗಾರರು ಬರುತ್ತಿದ್ದರು. ಆ ಬೆಳ್ಳಿ ಬಟ್ಟಲು ತಮ್ಮ ಹಜಾರಕ್ಕೇ ಬರಬೇಕೆಂದು ಇವರ ಹಟ.

"ಇದೆಲ್ಲಾ ಕಾಡುಗಿಡ ಕಣ್ರೀ ಪುಟ್ಟತಾಯಮ್ಮನವರೇ. ನೀವೂ ಕೀಳಿಸಿಬಿಡಿ" ಎಂದು ನನ್ನ ಅಂಗಳ ನೋಡಿ ಮೂಗು ಮುರಿದರು. ಕಡಕೊಳದ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರಿಗೆ ತುಂಬೆ ಈಗ ಕಾಡುಗಿಡ! ನನಗೆ ನಗು ತಡೆಯುವುದೇ ಕಷ್ಟವಾಯಿತು.

ಅವರ ತಾಯಿ ಶಿವನಂಜಮ್ಮನವರಿಗೆ ನಗು ಬರಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಹೂವೇರಿಸದೆ ಅವರು ತೊಟ್ಟು ನೀರೂ ಕುಡಿಯುವವರಲ್ಲ. ದಿನಾ ಬೆಳಗ್ಗೆ ಪುಟ್ಟ ಬುಟ್ಟಿ ಹಿಡಿದು ನಮ್ಮ ಅಂಗಳಕ್ಕೆ ಬಂದು ತುಂಬೆ ಹೂ ಬಿಡಿಸಿಕೊಂಡು ಹೋಗತೊಡಗಿದರು. ತೀರ್ಪುಗಾರರು ಬರುವ ಹಿಂದಿನ ಸಂಜೆ ಮಗ ಅದಕ್ಕೂ ಅಡ್ಡ ಬಂದರು.

"ನಾಳೆ ದೊಡ್ಡೋರು ಬತ್ತಾರೆ. ಶಿರಸ್ತೇದಾರನ ತಾಯಿ ಪಕ್ಕದ ಮನೇಲಿ ಹೂ ಬೇಡ್ತಾಳೆ ಅನ್ನಿಸ್ಕೋಬೇಕಾ ನಾನು? ಗೇಟು ದಾಟ್ಬ್ಯಾಡ ಕಣವ್ವ. ನಮ್ಮನೇಲಿ ಹೂವಿಲ್ವಾ?"

"ಆಗ್ಲಿ ಕಣಪ್ಪ" ಎಂದರು ಆಕೆ. ಬೇಲಿಯ ಈಚೆ ನಿಂತು ಕೇಳಿದ ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ಬೆಳಗ್ಗೆ ಕೋಟು ತೊಟ್ಟು ರುಮಾಲು ಸುತ್ತಿದ ಗುರುಸಿದ್ದಯ್ಯನವರು ತೀರ್ಪುಗಾರರನ್ನು ಕುಂಡಗಳ ಮುಂದೆ ಕರೆತಂದರು. ಉಳಿದವೆಲ್ಲ ಇನ್ನೂ ಮೊಗ್ಗು. ಅರಳಿದ್ದು ನಡುವಿನ ಕುಂಡದ ಕೆಂಪು ಡೇಲಿಯಾ ಒಂದೇ. ಅದರ ವರ್ಣನೆ ಬೀದಿಯವರಿಗೆಲ್ಲ ಬಾಯಿಪಾಠವಾಗಿತ್ತು.

"ಇಲ್ಲಿ ನೋಡಿ ಸ್ವಾಮಿ" ಎಂದು ಕೈ ಚಾಚಿದರು. ಕುಂಡದಲ್ಲಿ ಬರೀ ದಂಟು ನಿಂತಿತ್ತು.

"ಯಾರ್ರೀ ಕಿತ್ತೋರು?" ಎಂದು ಅವರು ಬೇಲಿಯ ಮೇಲಿಂದ ನನ್ನನ್ನೇ ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ವಿಭೂತಿ ಧರಿಸಿದ ಶಿವನಂಜಮ್ಮನವರು ಹೊರಗೆ ಬಂದರು.

"ನಾನೇ ಕುಯ್ದೆ ಕಣಪ್ಪ. ನಮ್ಮನೇಲಿ ಹೂವಿಲ್ವಾ ಅಂದ್ಯಲ್ಲ. ಗಿಡದ ಮೊದಲ ಹೂ ಶಿವನಿಗೆ ತಾನೆ?"

"ಅವ್ವಾ! ಎಲ್ಲವ್ವ ಅದು? ತತ್ತಾ ಇಲ್ಲಿ!"

"ಎಲ್ಲಿಂದ ತರ್ಲಿ? ಅಂಗೈಯಗಲದ ಹೂವು, ಲಿಂಗಾನೇ ಕಾಣ್ದಂಗೆ ಮುಚ್ಕಂಬುಡ್ತು. ಅದಕ್ಕೇ ಎಸಳೆಸಳಾಗಿ ಬುಡಿಸಿ ಏರಿಸ್ದೆ."

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕೆಮ್ಮಿದಂತೆ ಮಾಡಿ ನಕ್ಕರು. ಗುರುಸಿದ್ದಯ್ಯನವರು ಇಂಗು ತಿಂದ ಮಂಗನಂತೆ ನಿಂತರು. ಮುದುಕಿ ಮಾತ್ರ ಉಳಿದ ಮೊಗ್ಗುಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದರು.

"ನಾಳೀಕೆ ಯಾವ್ದನ್ನ ಕುಯ್ಲಿ ಮಗಾ?"

ಮರುದಿನ ಬೆಳಗ್ಗೆ ಪುಟ್ಟ ಬುಟ್ಟಿ ಹಿಡಿದು, ನಮ್ಮ ಅಂಗಳದಲ್ಲಿ ಬಗ್ಗಿ ಒಂದೊಂದೇ ತುಂಬೆ ಹೂ ಬಿಡಿಸುತ್ತಿದ್ದವರು ಸ್ವತಃ ಶಿರಸ್ತೇದಾರರು.