ಲ್ಯಾಬಿನ ಬೀಗ ತೆಗೆಸಿ ನೋಡ್ರಿ

ಹಳೇ ಹುಬ್ಬಳ್ಳಿಯ ಅಬ್ದುಲಗನಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವವ. ಯಾರೇ ಮೋಟಾರು ತರಲಿ, ಮುಚ್ಚಳ ಬಿಚ್ಚಿ ಒಳಗೆ ಕಣ್ಣಾರೆ ನೋಡದೆ ಒಂದು ಮಾತೂ ಆಡುತ್ತಿರಲಿಲ್ಲ. ಅಂಥವನೇ 2003ರ ಜೂನಿನಲ್ಲಿ ಒಂದು ಬಣ್ಣದ ಕಾಗದಕ್ಕೆ ಮರುಳಾದ.

ಪಿಯುಸಿ ಪಾಸಾದ ಮಗಳು ಅಫ್ರೀನ್‌ಗೆ ಜೀವಶಾಸ್ತ್ರವೆಂದರೆ ಜೀವ. ಹೊಸ ಕಾಲೇಜೊಂದರ ಕರಪತ್ರದಲ್ಲಿ ‘ಬಯೋಟೆಕ್ನಾಲಜಿ ಓದಿ, ಮೂರೇ ವರ್ಷಕ್ಕೆ ನೌಕರಿ ಖಾತ್ರಿ’ ಎಂದಿತ್ತು. ಸೀಟು ಹಿಡಿಯಲು ಅಸಲಿ ಅಂಕಪಟ್ಟಿ ಕೊಡಬೇಕಂತೆ, ಮರುದಿನವೇ ಕಡೇ ದಿನವಂತೆ. ಚೀಲದಲ್ಲಿ ಅಂಕಪಟ್ಟಿ ಇಟ್ಟುಕೊಂಡು ಮಗಳ ಜೊತೆ ಹೊರಟವನನ್ನು ಓಣಿಯ ವಿದ್ಯಾ ತಡೆದಳು. ಅವಳು ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವವಳು.

“ಕಾಕಾ, ಲ್ಯಾಬ್ ನೋಡೀರೇನು?”

“ನಾ ನೋಡಿ ಏನ್ ಮಾಡ್ಲಿ ಬೇಟಿ? ಓದಿದವ್ರು ಛಾಪಿಸ್ಯಾರ, ಸುಳ್ಳ ಬರೀತಾರೇನು?”

“ನನ್ನ ತಂಗಿ ಸುಕನ್ಯಾನೂ ಹಂಗ ಅಂದಿದ್ಲು.” ವಿದ್ಯಾಳ ದನಿ ಕುಗ್ಗಿತು. “ಅಕಿ ಸೇರಿದ ಕೋರ್ಸಿಗೆ ವಿಶ್ವವಿದ್ಯಾಲಯದ ಮಾನ್ಯತೆನ ಇರಲಿಲ್ಲ. ನಡುವ ಗೊತ್ತಾಗಿ ಬಿಟ್ಟು ಬರ್ತೇನಿ ಅಂದ್ರ, ಅಸಲಿ ಅಂಕಪಟ್ಟಿ ಹೊಳ್ಳಿ ಕೊಡ್ಲಿಲ್ಲ. ಅದಿಲ್ದ ಬ್ಯಾರೆ ಕಡೆ ಸೇರಾಕ ಆಗ್ಲಿಲ್ಲ, ಮೂರು ವರ್ಷ ಮಣ್ಣಾತು. ಈಗ ದುರ್ಗದಬೈಲಿನ ಅರಿವಿ ಅಂಗಡ್ಯಾಗ ಸೀರಿ ಮಡಚತಾಳ. ತಿಳಿದಾಕಿ ನಾ ಇದ್ನಿ, ಒಂದ್ಸಲನೂ ಹೋಗಿ ನೋಡ್ಲಿಲ್ಲ.”

ಅಬ್ದುಲಗನಿ ಅವಳನ್ನೂ ಜೊತೆಗೆ ಕರೆದ. ಮೂವರೂ ಕೂಡಿ ಬಸ್ಸು ಹತ್ತಿದರು.

ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದಿತ್ತು. “ಸಾಹೇಬ್ರು ಊರಾಗಿಲ್ಲ” ಎಂದ ಗುಮಾಸ್ತ.

“ಬರೂತನಾ ಇಲ್ಲೇ ಕುಂದರ್ತೇನಿ” ಎಂದು ಅಬ್ದುಲಗನಿ ಮೆಟ್ಟಿಲ ಮೇಲೆ ಕೂತೇಬಿಟ್ಟ. ಮಧ್ಯಾಹ್ನ ಕಳೆಯುವುದರೊಳಗೆ ಬೇಸತ್ತ ಗುಮಾಸ್ತನೇ ಬೀಗ ತೆಗೆದ. ಒಳಗೆ ಸಾಲಾಗಿ ಹೊಸ ಯಂತ್ರಗಳು ಮಿಂಚುತ್ತಿದ್ದವು. ಅಫ್ರೀನಳ ಮುಖ ಅರಳಿತು. ಅಬ್ದುಲಗನಿ ಮಾತ್ರ ಗೋಡೆಗಳನ್ನು ನೋಡುತ್ತ ಒಂದು ಸುತ್ತು ಬಂದ.

“ಇಷ್ಟು ಮಷೀನು ಇಟ್ಟೀರಿ. ಕೋಣ್ಯಾಗ ಕರೆಂಟಿನ ಪಾಯಿಂಟ್ ಒಂದೂ ಇಲ್ಲಲ್ರಿ?”

“ಬರೇ ತೋರಸಾಕ ಇಟ್ಟಾರ್ರಿ” ಎಂದ ಗುಮಾಸ್ತ. ವಿದ್ಯಾ ಮಾನ್ಯತೆ ಪತ್ರ ಕೇಳಿದಳು, ಅದೂ ಇರಲಿಲ್ಲ.

“ಹಂಗಾರ ಈ ಓದೇ ಬ್ಯಾಡೇನು?” ದಾರಿಯಲ್ಲಿ ಅಬ್ದುಲಗನಿ ಕೇಳಿದ.

“ಓದು ಛಲೋ ಐತ್ರಿ ಕಾಕಾ. ಆದ್ರ ಬರೇ ಬಿಎಸ್ಸಿಗೆ ಒಳ್ಳೆ ನೌಕರಿ ಸಿಗೂದು ಕಠಿಣ. ಎಮ್ಮೆಸ್ಸಿ ಮಾಡಿದ್ರ ಔಷಧದ ಕಂಪನಿ, ಬೀಜದ ಕಂಪನಿ, ಪಾಠ ಹೇಳೂದು, ಹಿಂಗ ದಾರಿ ಅದಾವ. ಖಾತ್ರಿ ಅಂತ ಯಾರೂ ಹೇಳಾಕ ಬರೂದಿಲ್ಲ. ಐದು ವರ್ಷದ ತಾಳ್ಮಿ ಬೇಕು.”

“ಓದ್ತೇನಿ ಅಬ್ಬಾ” ಎಂದಳು ಅಫ್ರೀನ್.

ಮುಂದಿನ ವಾರ ಅಬ್ದುಲಗನಿ ಇನ್ನೊಂದು ಕಾಲೇಜಿನ ಲ್ಯಾಬ್ ನೋಡಿದ, ಮಾನ್ಯತೆ ಪತ್ರ ಓದಿಸಿ ಕೇಳಿದ, ಅಲ್ಲಿ ಕಲಿತವರನ್ನು ವಿಚಾರಿಸಿದ. ಆಮೇಲೆಯೇ ಅಂಕಪಟ್ಟಿ ಚೀಲದಿಂದ ಹೊರಗೆ ಬಂತು.

ತಾಯಂದಿರೇ, ತಂದೆಯರೇ, ನಮಗೇನು ತಿಳಿಯುತ್ತದೆ ಎಂದು ಹಿಂಜರಿಯಬೇಡಿ. ಬೀಗ ತೆಗೆಸಿ. ಪತ್ರ ಕೇಳಿ. ಅಲ್ಲಿಯವರೆಗೆ ಅಸಲಿ ಅಂಕಪಟ್ಟಿ ಕೈಬಿಡಬೇಡಿ. ಸುಕನ್ಯಾಳ ಮೂರು ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ನಿಮ್ಮ ಮಕ್ಕಳ ವರ್ಷಗಳು ಇನ್ನೂ ನಿಮ್ಮ ಚೀಲದಲ್ಲೇ ಇವೆ.